ಹಗ್ಗಕ್ಕೆ ಕಿವಿಯಿಟ್ಟು ಕಳೆದುಕೊಂಡ ಕಣ್ಣು

ಕಣ್ಣಿನ ಆಸ್ಪತ್ರೆಯಲ್ಲಿ ಕಾಯುವುದು ಬೇರೆ ಆಸ್ಪತ್ರೆಯಲ್ಲಿ ಕಾಯುವ ಹಾಗಲ್ಲ. ಬೇರೆ ಕಡೆ ಎದುರಿಗೆ ಕೂತವರ ಮುಖ ನೋಡುತ್ತಾ, ಗೋಡೆಯ ಕ್ಯಾಲೆಂಡರ್ ಓದುತ್ತಾ ಹೊತ್ತು ಕಳೆಯಬಹುದು. ಇಲ್ಲಿ ಒಳಗೆ ಬಂದ ಕೂಡಲೇ ಕಣ್ಣಿಗೆ ಹನಿ ಹಾಕಿ, "ಮುಚ್ಕೊಂಡು ಕೂತಿರಿ" ಅನ್ನುತ್ತಾರೆ. ಕಣ್ಣು ಮುಚ್ಚಿ ಕೂತವನಿಗೆ ತನ್ನ ಭಯ ಬಿಟ್ಟು ಬೇರೇನೂ ಕಾಣುವುದಿಲ್ಲ. ಹಾಗೆ ಕೂತಿರುವವರಿಗಾಗಿ ಇದನ್ನು ಬರೆಸುತ್ತಿದ್ದೇನೆ. ಹೇಳುವುದು ನಾನು, ಬರೆಯುವುದು ನನ್ನ ಹೆಂಡತಿ ನಸೀಮಾ. ಅಜ್ಜಂಪುರದವಳು, ಪಿಯುಸಿ ಓದಿದವಳು, ಅಕ್ಷರ ಮುದ್ದಾಗಿದೆ. ನಾನು ಬೇಡದ್ದು ಹೇಳಿದರೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂರುತ್ತಾಳೆ. ಮನೆಯಲ್ಲಿ ನಾವು ಆಡುವುದು ದಖ್ಖನಿ. ಎಲ್ಲರಿಗೂ ಗೊತ್ತಾಗಲಿ ಅಂತ ಮನೆಯವರ ಮಾತನ್ನೂ ಇಲ್ಲಿ ಕನ್ನಡದಲ್ಲೇ ಹೇಳಿದ್ದೇನೆ.

ನನ್ನ ಹೆಸರು ಇಲಿಯಾಸ್, ಊರು ತರೀಕೆರೆ. ನನ್ನ ಅಬ್ಬಾ, ಅಂದರೆ ತಂದೆ, ಲಾರಿಗೆ ತೆಂಗಿನಕಾಯಿ, ಕೊಬ್ಬರಿ ಚೀಲ ತುಂಬಿ ಹಗ್ಗ ಕಟ್ಟುವ ಕೆಲಸ ಮಾಡಿಕೊಂಡು ಬಂದವರು. ಘಾಟಿ ಇಳಿಯುವ ಡ್ರೈವರುಗಳು ಅಬ್ಬಾ ಕಟ್ಟಿದ ಲೋಡು ಅಂದರೆ ನೆಮ್ಮದಿಯಾಗಿ ಹೊರಡುತ್ತಿದ್ದರು. ಅವರದ್ದೊಂದು ಪದ್ಧತಿ ಇತ್ತು. ಹಗ್ಗ ಎಳೆದು ಗಂಟು ಹಾಕಿದ ಮೇಲೆ ಬಗ್ಗಿ ಹಗ್ಗದ ಹತ್ತಿರ ಕಿವಿ ಇಡುವುದು, ಬೆರಳಲ್ಲಿ ಒಂದು ಸಲ ಮೀಟುವುದು. ಸದ್ದು ಗಟ್ಟಿಯಾಗಿ ಬಂದರೆ ಲೋಡು ಕೂತಿದೆ ಅಂತ ಅರ್ಥ. ಮಂಕಾಗಿ ಬಂದರೆ ಎಲ್ಲೋ ಒಂದು ಚೀಲ ಜಾರಿದೆ, ಬಿಚ್ಚಿ ಮತ್ತೆ ಕಟ್ಟಬೇಕು. ತರೀಕೆರೆಯಲ್ಲಿ ಲೋಡು ಕಟ್ಟುವವರೆಲ್ಲ ಇದನ್ನು ಅಬ್ಬಾನಿಂದ ಕಲಿತವರೇ. ನಾನೂ ಅಲ್ಲೇ ಕಲಿತೆ. ಲಾರಿಯ ಹಗ್ಗಕ್ಕೆ ಕಿವಿಯಿಟ್ಟು "ಅಬ್ಬಾ, ಇದು ಸರಿಯಾಗಿದೆ" ಅಂತ ಮೊದಲ ಸಲ ಹೇಳಿದಾಗ ಅವರು ನನ್ನ ಬೆನ್ನು ತಟ್ಟಿದ್ದು ಇನ್ನೂ ನೆನಪಿದೆ.

ಕರಾವಳಿಗೆ ಕೊಬ್ಬರಿ ಸಾಗಿಸುತ್ತಿದ್ದ ಒಬ್ಬ ಡ್ರೈವರ್ ನನ್ನನ್ನು ಬಂದರಿಗೆ ಸೇರಿಸಿದ. ಹಡಗಿನ ಒಳಗೆ ಪೆಟ್ಟಿಗೆ, ಪೈಪು, ಯಂತ್ರಗಳನ್ನು ಅಲ್ಲಾಡದ ಹಾಗೆ ಕಟ್ಟುವ ಕೆಲಸ. ಲಾರಿ ರಸ್ತೆಯ ಮೇಲೆ ಕುಲುಕುತ್ತದೆ ಅಷ್ಟೇ, ಹಡಗು ನಡುನೀರಿನಲ್ಲಿ ಮೈಯೆಲ್ಲಾ ಹೊರಳಿಸುತ್ತದೆ. ಒಂದು ಪೆಟ್ಟಿಗೆ ಜಾರಿದರೆ ಪಕ್ಕದ್ದನ್ನು ಗುದ್ದುತ್ತದೆ, ಅದು ಮತ್ತೊಂದನ್ನು. ಅದಕ್ಕೇ ಅಲ್ಲಿ ಹಗ್ಗ ಕಡಿಮೆ. ಎರಡು ಬೆರಳಗಲದ ಬಿಳೀ ಪಾಲಿಯೆಸ್ಟರ್ ಪಟ್ಟಿ, ದಪ್ಪ ತಂತಿ ಬಗ್ಗಿಸಿ ಮಾಡಿದ ಬಕಲ್, ಎಳೆದು ಬಿಗಿಯುವುದಕ್ಕೆ ಒಂದು ಕೈಯಂತ್ರ. ಪಟ್ಟಿಯನ್ನು ಬಕಲ್ಲಿಗೆ ಸರಿಯಾಗಿ ಪೋಣಿಸಿದರೆ ಎಳೆದಷ್ಟೂ ಅದು ಕಚ್ಚಿ ಹಿಡಿಯುತ್ತದೆ. ತಪ್ಪಾಗಿ ಪೋಣಿಸಿದರೆ, ಇಲ್ಲವೇ ಒಂದು ಸಲ ಬಳಸಿ ಬಾಗಿದ ಬಕಲ್ಲನ್ನು ಮತ್ತೆ ಹಾಕಿದರೆ, ಹಿಡಿದ ಹಾಗೇ ತೋರಿಸಿ ಕೈ ಕೊಡುತ್ತದೆ.

ನಮ್ಮ ಗುಂಪಿನ ಮೇಸ್ತ್ರಿ ಸುಧಾಕರಣ್ಣ ಕರಾವಳಿಯವರು. ಮೊದಲ ದಿನವೇ ಹೇಳಿದ್ದರು: "ನೋಡು ಮಾರಾಯ, ಬಕಲ್ ನೋಡುವುದಿದ್ದರೆ ಬಿಗಿಯುವ ಮೊದಲು ನೋಡು. ಬಿಗಿದ ಮೇಲೆ ಅದರ ನೇರಕ್ಕೆ ನಿಲ್ಲಬೇಡ, ಮುಖ ಅಂತೂ ಹತ್ತಿರ ತರಲೇಬೇಡ." ನಾನು ತಲೆಯಾಡಿಸಿದೆ. ಆದರೆ ನನ್ನ ಮೈಗೆ ತರೀಕೆರೆಯ ಲಾರಿ ಅಂಟಿಕೊಂಡಿತ್ತು. ಬಿಗಿದದ್ದಕ್ಕೆ ಕಿವಿ ಇಡದಿದ್ದರೆ ಕೆಲಸ ಮುಗಿದ ಹಾಗೇ ಅನಿಸುತ್ತಿರಲಿಲ್ಲ. ಸುಧಾಕರಣ್ಣ ನೋಡಿದಾಗಲೆಲ್ಲ ಬೈದರು. ಅವರು ಅತ್ತ ಹೋದಾಗ ನಾನು ಬಗ್ಗುತ್ತಿದ್ದೆ. ಪಟ್ಟಿಯ ಸದ್ದು ಹಗ್ಗಕ್ಕಿಂತ ಚೆಂದ ಅಂತ ಒಳಗೊಳಗೇ ಹಿಗ್ಗುತ್ತಿದ್ದೆ.

ಆವತ್ತು, ಕಣ್ಣಿನ ರಕ್ಷಣೆಗೆ ಅಂತ ಕೊಟ್ಟಿದ್ದ ಕನ್ನಡಕ ಬೆವರಿಗೆ ಮಂಜು ಕಟ್ಟಿ ಹೆಲ್ಮೆಟ್ಟಿನ ಮೇಲಿತ್ತು. ಯಂತ್ರದ ಪೆಟ್ಟಿಗೆ ಬಿಗಿದು ಮುಗಿಸಿ ಬಗ್ಗಿದೆ, ಮೀಟಿದೆ. ಸದ್ದು ಬರಲಿಲ್ಲ, ಬಕಲ್ಲೇ ಬಂತು. ಅದು ಬಾಗಿದ್ದ ಬಕಲ್ಲೋ, ಪಟ್ಟಿ ಪೋಣಿಸಿದ್ದು ತಪ್ಪೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹಗ್ಗ ಬಿಟ್ಟುಕೊಂಡರೆ ಸಡಿಲವಾಗಿ ಬೀಳುತ್ತದೆ, ಪಟ್ಟಿ ಬಿಟ್ಟುಕೊಂಡರೆ ಚಾಟಿ ಬೀಸಿದ ಹಾಗೆ ಬರುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಅರ್ಥ ಮಾಡಿಕೊಳ್ಳಲು ನನ್ನ ಬಲಗಣ್ಣು ಹೋಗಬೇಕಾಯಿತು.

ಕರಾವಳಿಯ ಆಸ್ಪತ್ರೆಯಲ್ಲಿ ಕಣ್ಣಿಗೆ ಹೊಲಿಗೆ ಹಾಕಿದರು. ಅಮ್ಮಿ, ಅಂದರೆ ನನ್ನ ತಾಯಿ, ಜೊತೆಗೆ ಅಬ್ಬಾ, ನಸೀಮಾ ಬಸ್ಸು ಹತ್ತಿ ಬಂದರು. ಕೆಲವು ದಿನವಾದ ಮೇಲೆ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದರು. ಬಲಗಣ್ಣಿಗೆ ಬೆಳಕೇ ಗೊತ್ತಾಗುತ್ತಿಲ್ಲ, ಇನ್ನು ಬರುವುದೂ ಇಲ್ಲ ಅಂದರು. ಆಮೇಲೆ ನಿಧಾನವಾಗಿ ಹೇಳಿದರು: "ಹೀಗೆ ಪೆಟ್ಟಾದ ಕಣ್ಣು ಒಳಗೇ ಇದ್ದರೆ, ಅಪರೂಪಕ್ಕೆ, ಚೆನ್ನಾಗಿರೋ ಕಣ್ಣಿಗೂ ಕಾಯಿಲೆ ಬರಬಹುದು. ಈಗಲೇ ತೆಗೆದುಬಿಟ್ಟರೆ ಆ ಭಯ ಬಹಳ ಮಟ್ಟಿಗೆ ಕಡಿಮೆ. ಯೋಚನೆ ಮಾಡಿ, ಆದರೆ ತಡ ಮಾಡಬೇಡಿ."

ಅಪರೂಪಕ್ಕೆ ಅನ್ನುವುದೊಂದನ್ನು ನಾವೆಲ್ಲ ಗಟ್ಟಿಯಾಗಿ ಹಿಡಿದುಕೊಂಡೆವು. ಉಳಿದ ಮಾತು ಯಾರ ತಲೆಗೂ ಹೋಗಲಿಲ್ಲ.

ಅಮ್ಮಿ ಅಳುತ್ತಾ, "ಅಲ್ಲಾ ಕೊಟ್ಟಿದ್ದನ್ನ ಕಿತ್ತು ಕೊಟ್ಬಿಡೋದಾ? ಕಾಣ್ದಿದ್ರೆ ಬೇಡ, ಮುಖದಲ್ಲಿ ಇರ್ಲಿ ಕಣೋ" ಅಂದಳು.

"ನೀನೇನಂತೀಯ?" ಅಂತ ಅಬ್ಬಾ ನನ್ನನ್ನೇ ಕೇಳಿದರು.

ನನಗೆ ನನ್ನ ಮಗಳು ಆಯಿಷಾ ನೆನಪಾದಳು. ಆಗಿನ್ನೂ ಚಿಕ್ಕವಳು. ಕಣ್ಣಿನ ಜಾಗದಲ್ಲಿ ಗುಳಿ ನೋಡಿ ಮಗು ಹೆದರಿ ಹತ್ತಿರ ಬರದಿದ್ದರೆ ಅನಿಸಿತು. "ಇರ್ಲಿ ಬಿಡಿ" ಅಂದೆ. ನಸೀಮಾ ಒಬ್ಬಳೇ, "ಡಾಕ್ಟ್ರು ಸುಮ್ನೆ ಹೇಳ್ತಾರಾ?" ಅಂತ ಎರಡು ಸಲ ಕೇಳಿದಳು. ಹೊಸ ಸೊಸೆಯ ಮಾತಿನ ಹಾಗೆ ಅದನ್ನು ಎಲ್ಲರೂ ದಾಟಿ ಹೋದೆವು. ಡಾಕ್ಟರಮ್ಮ ಬಲವಂತ ಮಾಡಲಿಲ್ಲ. ಮನೆಗೆ ಕಳಿಸುವಾಗ, "ಎಡಗಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ಓದೋದು ಕಷ್ಟ ಅನಿಸಿದರೆ ಆವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು" ಅಂದರು. ಹೂಂ ಅಂದೆವು. ಆ ದಿನ ನಾನು ಬೇರೆ ಉತ್ತರ ಕೊಟ್ಟಿದ್ದರೆ ಅಂತ ಲೆಕ್ಕವಿಲ್ಲದಷ್ಟು ಸಲ ಅಂದುಕೊಂಡಿದ್ದೇನೆ.

ನನ್ನನ್ನು ಬಸ್ಸಿಗೆ ಹತ್ತಿಸಲು ಬಂದಿದ್ದ ಸುಧಾಕರಣ್ಣನ ಹತ್ತಿರ ಅಬ್ಬಾ, ಹೇಗಾಯಿತು ಅಂತ ಕೇಳಿದರು. ಅವರು ಮುಚ್ಚಿಡಲಿಲ್ಲ. "ಕಿವಿ ಇಡಲಿಕ್ಕೆ ಹೋದ. ಎಷ್ಟು ಹೇಳಿದರೂ ಕೇಳುವುದಿಲ್ಲ. ಯಾರು ಕಲಿಸಿದ್ದೋ ಏನೋ" ಅಂದರು. ಅಬ್ಬಾ ಘಾಟಿ ಹತ್ತಿ ತರೀಕೆರೆ ಮುಟ್ಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಆವತ್ತಿನಿಂದ ಅವರು ಹಗ್ಗಕ್ಕೆ ಕಿವಿ ಇಡುವುದನ್ನು ಬಿಟ್ಟರು. ಲೋಡು ಕಟ್ಟಿ ಮುಗಿದ ಮೇಲೆ ಕೈ ಕೆಳಗೆ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದರಂತೆ. ಜೊತೆಯವರೇ "ಆಯ್ತಲ್ಲ ಸಾಬ್ರೇ" ಅಂತ ಎಚ್ಚರಿಸಬೇಕಾಗುತ್ತಿತ್ತು.

ಒಂದು ಕಣ್ಣಿನ ಬದುಕು ಅಷ್ಟು ಕಷ್ಟ ಅನಿಸಲಿಲ್ಲ. ಲೋಟಕ್ಕೆ ಟೀ ಸುರಿಯಲು ಹೋದರೆ ಚೆಲ್ಲುತ್ತಿತ್ತು, ಮೆಟ್ಟಿಲು ಮೋಸ ಮಾಡುತ್ತಿತ್ತು, ಅಷ್ಟೇ. ನಮ್ಮ ಮನೆಯಲ್ಲಿ ಲಕ್ಕವಳ್ಳಿಯ ಮೀನು ತಂದ ದಿನ ಆಯಿಷಾ ನನ್ನ ಪಕ್ಕದಲ್ಲೇ ಕೂರಬೇಕು. ಅಲ್ಲಿನ ಡ್ಯಾಮಿನ ಮೀನಿಗೆ ಸಣ್ಣ ಮುಳ್ಳು ಜಾಸ್ತಿ. ನಾನೇ ಬಿಡಿಸಿ, ಅನ್ನದ ಜೊತೆ ಕಲಸಿ ಕೊಡುತ್ತಿದ್ದೆ. ಹಡಗಿನ ಕೆಲಸ ಬಿಟ್ಟು ಬಂದು ಕೆಲವು ತಿಂಗಳಾಗಿತ್ತು. ಹಾಗೆ ಕೊಟ್ಟ ಒಂದು ತುತ್ತು ಮಗುವಿನ ಗಂಟಲಿಗೆ ಸಿಕ್ಕಿಕೊಂಡಿತು. ಬರೀ ಅನ್ನದ ಉಂಡೆ ನುಂಗಿಸಿ, ಬೆನ್ನು ತಟ್ಟಿದ ಮೇಲೆ ಅವಳು ಕೆಮ್ಮಿ ಅತ್ತಾಗ ಮುಳ್ಳು ಹೊರಗೆ ಬಂತು. ಅದು ಸಣ್ಣ ಮುಳ್ಳಾಗಿರಲಿಲ್ಲ.

"ಇಷ್ಟು ದೊಡ್ಡದು ಕಾಣ್ಲಿಲ್ವಾ ನಿಮ್ಗೆ?" ಅಂದಳು ನಸೀಮಾ.

ನಾನು ತಟ್ಟೆ ನೋಡಿದೆ. ಮೀನು, ಅನ್ನ, ನನ್ನ ಬೆರಳು ಎಲ್ಲ ಒಂದರೊಳಗೊಂದು ಕಲಸಿ ಹೋಗಿತ್ತು. ದೂರದ್ದು ಚೆನ್ನಾಗಿಯೇ ಕಾಣುತ್ತಿತ್ತು. "ವಯಸ್ಸಾಯ್ತು, ಕನ್ನಡಕ ಹಾಕ್ಬೇಕು" ಅಂತ ನಗಿಸಲು ನೋಡಿದೆ. ಅವಳು ನಗಲಿಲ್ಲ.

ಆ ವಾರವೇ ಎಡಗಣ್ಣು ಕೆಂಪಾಯಿತು. ನಮ್ಮ ದುರದೃಷ್ಟಕ್ಕೆ ಆಗ ಊರೆಲ್ಲ ಮದ್ರಾಸ್ ಐ ಹಬ್ಬಿತ್ತು. ಬೀದಿಯಲ್ಲಿ ಹೋಗುವವರೆಲ್ಲ ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾದವರ ಹಾಗೆ ಓಡಾಡುತ್ತಿದ್ದರು. ಕಡೂರಿನ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಹೊರಗಿನ ಬೆಂಚು, ಮೆಟ್ಟಿಲು, ಜಗಲಿ ತುಂಬಾ ಕೆಂಪು ಕಣ್ಣಿನವರೇ. ಪಕ್ಕದವನು, "ನಮ್ಮನೇಲಿ ಎಲ್ರಿಗೂ ಆಗಿದೆ ಕಣ್ರೀ, ವಾರಕ್ಕೆ ಹೋಗ್ತದೆ" ಅಂದ. ಅಷ್ಟು ಜನರ ನಡುವೆ ಕೂತಾಗ ನನ್ನದೂ ಎಲ್ಲರ ಥರದ್ದೇ ಅನ್ನಿಸಿ ಎಂಥ ಸಮಾಧಾನ ಆಯಿತೆಂದರೆ, ನನ್ನ ಸರದಿ ಬರುವ ಮುಂಚೆಯೇ ಎದ್ದು ಬಂದೆ. ಮೆಡಿಕಲ್ ಶಾಪಿನಲ್ಲಿ ಎಲ್ಲರೂ ಕೊಳ್ಳುತ್ತಿದ್ದ ಹನಿಯನ್ನೇ ಕೊಂಡೆ. ಪಕ್ಕದ ಮನೆಯ ಅಜ್ಜಿ ಎದೆಹಾಲು ಬಿಡಿ ಅಂದರು, ಅಮ್ಮಿ ಹರಳೆಣ್ಣೆ ಅಂದಳು. ಎಲ್ಲರ ಕಣ್ಣೂ ಬೆಳ್ಳಗಾಯಿತು, ನನ್ನದು ಆಗಲಿಲ್ಲ.

ಒಂದು ಬೆಳಿಗ್ಗೆ ನಸೀಮಾ ಬಾಗಿಲು ತೆಗೆದಳು. ನಾನು ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿದೆ. ಬೆಳಕು ಸೂಜಿಯ ಹಾಗೆ ಒಳಗೆ ಹೋಗಿತ್ತು. ಅವಳು ಬಾಗಿಲು ಮುಚ್ಚಿದಳು. ಮತ್ತೆ ತೆಗೆದಳು. ಮತ್ತೆ ನಾನು ತಿರುಗಿದೆ. "ಡಾಕ್ಟರಮ್ಮ ಹೇಳಿದ್ದು ಇದೇ ಅಲ್ವಾ" ಅಂದಳು. "ಏಳಿ. ಶಿವಮೊಗ್ಗಕ್ಕೆ ಹೋಗಾಣ. ಯಾರನ್ನೂ ಕೇಳ್ಬೇಡಿ, ಏಳಿ."

ಶಿವಮೊಗ್ಗದ ಕಣ್ಣಿನ ಆಸ್ಪತ್ರೆಯಲ್ಲಿ ಗಲ್ಲ ಇಟ್ಟು ಕೂರುವ ಯಂತ್ರವೊಂದಿದೆ. ಅದರಾಚೆ ಡಾಕ್ಟರ ಉಸಿರು ಕೇಳಿಸುತ್ತಿರುತ್ತದೆ. ಅವರು ಮೊದಲು ಸಹಜವಾಗಿ ಮಾತಾಡುತ್ತಿದ್ದರು. ಎಡಗಣ್ಣಿಗೆ ಬಂದಾಗ ಮಾತು ನಿಂತಿತು. ಆ ಮೌನದಲ್ಲೇ ನನಗೆ ಅರ್ಧ ಗೊತ್ತಾಗಿಹೋಯಿತು. ಅವರು ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಹೆಸರು ಹೇಳಿ, ಆಮೇಲೆ ಕನ್ನಡದಲ್ಲಿ ಹೇಳಿದರು: "ಪೆಟ್ಟು ತಿಂದ ಕಣ್ಣಿನಿಂದಾಗಿ ನಿಮ್ಮ ಮೈಯೇ ಒಳ್ಳೇ ಕಣ್ಣಿನ ಮೇಲೆ ಜಗಳಕ್ಕೆ ನಿಂತಿದೆ. ಇವತ್ತೇ ಅಡ್ಮಿಟ್ ಆಗಿ. ಬಂದಿದ್ದೀರಲ್ಲ, ನೋಡೋಣ." ಇನ್ನೂ ಮೊದಲೇ ಬರಬೇಕಿತ್ತು ಅಂತ ಅವರು ಹೇಳಲಿಲ್ಲ. ಹೇಳದೆ ಬಿಟ್ಟದ್ದಕ್ಕೆ ಅವರಿಗೆ ಇವತ್ತಿಗೂ ಋಣಿ.

ಸುದ್ದಿ ಕೇಳಿ ಓಡಿ ಬಂದ ಅಬ್ಬಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಸಾರ್, ಆ ಕೆಟ್ಟ ಕಣ್ಣನ್ನ ಈಗ ತೆಗೆದ್ರೆ?" ಅಂತ ಕೇಳಿದರು.

"ಕಾಯಿಲೆ ಶುರುವಾದ ಮೇಲೆ ತೆಗೆದರೆ ಪ್ರಯೋಜನ ಆಗುತ್ತೆ ಅಂತ ಖಾತ್ರಿಯಾಗಿ ಹೇಳೋಕಾಗಲ್ಲ ಯಜಮಾನ್ರೇ."

"ನಂದೊಂದು ಕಣ್ಣು ತಗೊಳ್ಳಿ ಅವ್ನಿಗೆ. ನಂಗೆ ವಯಸ್ಸಾಯ್ತು. ಹಗ್ಗ ಕಟ್ಟಕ್ಕೆ ಕಣ್ಯಾಕೆ, ಕೈ ಸಾಕು."

ಡಾಕ್ಟರು ಎದ್ದು ಬಂದು ಅಬ್ಬಾನ ಹೆಗಲ ಮೇಲೆ ಕೈಯಿಟ್ಟರು. "ಇಡೀ ಕಣ್ಣು ಬದಲಾಯಿಸೋದು ಯಾರ ಕೈಲೂ ಆಗಲ್ಲ. ಆಗೋ ಹಾಗಿದ್ದಿದ್ದರೆ ನೀವು ಕೊಡ್ತಿದ್ರಿ, ಗೊತ್ತು" ಅಂದರು. ಅಬ್ಬಾ ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದರು. ನಾನು ಅವರಿಗೆ ಏನಾದರೂ ಹೇಳಬೇಕಿತ್ತು. ನಿಮ್ಮದೇನೂ ತಪ್ಪಿಲ್ಲ, ಹಗ್ಗಕ್ಕೆ ಸರಿಯಾದದ್ದನ್ನೇ ಕಲಿಸಿದಿರಿ, ಪಟ್ಟಿಗೆ ಅದು ಹೊಂದಲಿಲ್ಲ ಅಷ್ಟೇ ಅಂತ. ನನ್ನ ಹೆದರಿಕೆಯಲ್ಲೇ ಮುಳುಗಿದ್ದ ನನಗೆ ಬಾಯಿ ಬರಲಿಲ್ಲ.

ಮೊದಲು ಡ್ರಿಪ್ಪಿನಲ್ಲಿ ಔಷಧಿ ಕೊಟ್ಟರು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಆ ಮಾತ್ರೆಗಳ ಬಗ್ಗೆ ಯಾರಾದರೂ ಮುಂಚೆಯೇ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದರಿಂದ ಇಲ್ಲಿ ಹೇಳುತ್ತೇನೆ. ಮುಖ ಹಿಟ್ಟು ಉಬ್ಬಿದ ಹಾಗೆ ಊದಿಕೊಳ್ಳುತ್ತದೆ. ತಿಂದಷ್ಟೂ ಹಸಿವು. ಸುಮ್ಮಸುಮ್ಮನೆ ಸಿಟ್ಟು. ಸಕ್ಕರೆ ಕಾಯಿಲೆ ಇಲ್ಲದವನಿಗೆ ಸಕ್ಕರೆ ಏರುತ್ತದೆ. ಚಮಚ ಸರಿಯಾಗಿ ಇಟ್ಟಿಲ್ಲ ಅಂತ ಅಮ್ಮಿಯ ಮೇಲೆ ಕೂಗಾಡಿದ್ದೇನೆ. ಅದು ನಾನಲ್ಲ, ಮಾತ್ರೆ ಅಂತ ಡಾಕ್ಟರು ಹೇಳಿದ ದಿನ ಮನೆಯವರಿಗಿಂತ ನನಗೇ ಹೆಚ್ಚು ನಿರಾಳವಾಯಿತು. ಮಾತ್ರೆಯನ್ನು ನಿಮ್ಮಿಷ್ಟಕ್ಕೆ ನಿಲ್ಲಿಸಬೇಡಿ, ಅದನ್ನು ಡಾಕ್ಟರೇ ಇಳಿಸಿಕೊಂಡು ಬರಬೇಕು. ಈ ಮಾತನ್ನು ದಪ್ಪಕ್ಷರದಲ್ಲಿ ಬರಿ ಅಂದೆ. ನಸೀಮಾ "ಎಲ್ಲಾ ಒಂದೇ ಅಕ್ಷರ" ಅಂದಳು. ಆಯಿಷಾ ನನ್ನ ಕೆನ್ನೆ ಒತ್ತಿ ನೋಡಿ, "ಅಬ್ಬಾ ಬಲೂನಾಗಿದ್ದಾರೆ" ಅಂತ ನಕ್ಕಳು. ಮಗು ಹೆದರೀತು ಅಂತ ಒಂದು ಸತ್ತ ಕಣ್ಣನ್ನು ಉಳಿಸಿಕೊಂಡಿದ್ದೆನಲ್ಲ, ಇವಳು ಯಾವುದಕ್ಕೂ ಹೆದರುವವಳೇ ಅಲ್ಲ ಅಂತ ಆವತ್ತು ಗೊತ್ತಾಯಿತು.

ತಪಾಸಣೆಗೆ ಹೋದಾಗಲೆಲ್ಲ ಅದೇ ಬೆಂಚು, ಅದೇ ಹನಿ. ಅಲ್ಲಿ ಸಿಂಗಟಗೆರೆಯ ಮರುಳಪ್ಪನವರ ಪರಿಚಯವಾಯಿತು. ಹಣೆ ತುಂಬಾ ವಿಭೂತಿ, ತೆಂಗಿನ ತೋಟದವರು, ಎಡಗಣ್ಣಿಗೆ ಆಪರೇಷನ್ ಆಗಿ ಪಟ್ಟಿ ಕಟ್ಟಿತ್ತು. ನನ್ನ ಕಥೆ ಕೇಳಿ, "ನಂದು ಬಲಗಣ್ಣು, ನಿಂದು ಎಡಗಣ್ಣು. ಇಬ್ರೂ ಸೇರಿದ್ರೆ ಒಬ್ಬ ಪೂರ್ತಿ ಮನ್ಷ ಆಯ್ತೀವಿ ನಡಿಯೋ, ಕಾಫಿ ಕುಡ್ಯಾನ" ಅಂದರು. ನಾನು ಅವರ ಬಲಕ್ಕೆ, ಅವರು ನನ್ನ ಎಡಕ್ಕೆ ನಿಂತು ರಸ್ತೆ ದಾಟಲು ಹೊರಟೆವು. ಇಬ್ಬರ ಕಾಣದ ಕಣ್ಣೂ ಹೊರಗಡೆಗೆ ಬಂದಿದ್ದು ನಡುರಸ್ತೆಯಲ್ಲಿ ಗೊತ್ತಾಯಿತು. ಆಟೋದವನು ಬೈದ ಬೈಗುಳಕ್ಕೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಕಾಯಿಲೆ ಬಂದಮೇಲೆ ನಾನು ನಕ್ಕದ್ದು ಅದೇ ಮೊದಲು. ಮುಂದಿನ ಸಲ ಅವರು ಪಟ್ಟಿ ಬಿಚ್ಚಿಸಿಕೊಂಡು, ಎರಡೂ ಕಣ್ಣಲ್ಲಿ ನನ್ನನ್ನು ನೋಡಿ, ಖುಷಿ ಪಡಬೇಕೋ ಬೇಡವೋ ಗೊತ್ತಾಗದೆ ತಡವರಿಸಿದರು. ಅದೂ ಒಂದು ದೊಡ್ಡತನವೇ.

ನನ್ನ ಎಡಗಣ್ಣು ಪೂರ್ತಿ ಹೋಗಲಿಲ್ಲ. ಪೂರ್ತಿ ಬರಲೂ ಇಲ್ಲ. ಎದುರಿಗೆ ಮನುಷ್ಯ ನಿಂತಿದ್ದಾನೆ ಅಂತ ಗೊತ್ತಾಗುತ್ತದೆ, ಯಾರು ಅಂತ ಮಾತಾಡಿದ ಮೇಲೆ ಗೊತ್ತಾಗುತ್ತದೆ. ಕಾಯಿಲೆ ಮತ್ತೆ ಕೆರಳದ ಹಾಗೆ ಹನಿ, ಮಾತ್ರೆ, ತಪಾಸಣೆ ನಡೆದೇ ಇದೆ. ಮೀನು ತಂದ ದಿನ ಮುಳ್ಳು ಬಿಡಿಸಿಕೊಡುವುದು ಈಗ ಆಯಿಷಾ. ಮನೆಯಲ್ಲಿ ಅಬ್ಬಾ ಒಬ್ಬರೇ, "ಇನ್ನೂ ಕಾಣ್ತದೆ ಬಿಡು, ದಿನಾ ಒಂಚೂರು ಒಂಚೂರು ಬರ್ತದೆ" ಅನ್ನುತ್ತಿದ್ದರು. ಬೆರಳು ಎತ್ತಿ "ಎಷ್ಟು?" ಅಂತ ಕೇಳುತ್ತಿದ್ದರು. ನಾನು ತಪ್ಪು ಹೇಳಿದ ದಿನ ಅವರು ಊಟ ಅರ್ಧಕ್ಕೆ ಬಿಟ್ಟೇಳುತ್ತಿದ್ದರು.

ಈಗ ಲಾರಿಗಳಿಗೂ ಹಗ್ಗದ ಬದಲು ಬೆಲ್ಟ್ ಬಂದಿದೆ. ಹಿಡಿಕೆ ಆಡಿಸಿದರೆ ಕಟಕಟ ಅಂತ ಬಿಗಿಯುವಂಥದ್ದು. ಕಾಯಿ ಗೋಡೌನಿನ ಎದುರು ಟೀ ಅಂಗಡಿಯ ಬೆಂಚಿನಲ್ಲಿ ನಾನು ಕೂರುತ್ತೇನೆ. ಬಿಗಿಯುವ ಮುಂಚೆ ಪ್ರತಿಯೊಂದು ಬಕಲ್ಲನ್ನೂ ಬೆರಳಲ್ಲಿ ಸವರಿ, ಬೆಲ್ಟು ಸರಿಯಾಗಿ ಪೋಣಿಸಿದೆಯೇ, ಎಲ್ಲಾದರೂ ಹರಿದಿದೆಯೇ ನೋಡಿ ಕೊಡುವುದು ನನ್ನ ಕೆಲಸ. ಕೊಡುವಾಗ, "ಬಿಗಿದ ಮೇಲೆ ಅದರ ಹತ್ರ ಮುಖ ತರ್ಬೇಡ್ರೋ" ಅಂತ ದಿನಾ ಹೇಳುತ್ತೇನೆ. ಸುಧಾಕರಣ್ಣನ ಮಾತು ಅಷ್ಟು ದೂರದಿಂದ ಬಂದು ನನ್ನ ಬಾಯಲ್ಲಿ ಕೂತಿದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಅಬ್ಬಾ ರಸ್ತೆಯಾಚೆ ಲಾರಿಗೆ ಬೆಲ್ಟ್ ಬಿಗಿಯುತ್ತಿದ್ದರು. ನನಗೆ ಕಂಡದ್ದು ಬಿಸಿಲು, ಅದರಲ್ಲಿ ಲಾರಿಯಷ್ಟು ದೊಡ್ಡ ಒಂದು ಕಪ್ಪು. ಕಟಕಟ ಕೇಳಿಸುತ್ತಿತ್ತು, ನಿಂತಿತು. ಅದು ನಿಂತ ಮೇಲೆ ಅಬ್ಬಾ ಯಾವಾಗಲೂ "ಆಯ್ತು, ಬಿಡ್ರೋ" ಅಂತ ಕೂಗುತ್ತಾರೆ. ಕೂಗಲಿಲ್ಲ. ಆ ಸುಮ್ಮನಿರುವಿಕೆ ಎಂಥದ್ದು ಅಂತ ನನಗೆ ಚಿಕ್ಕಂದಿನಿಂದ ಗೊತ್ತು. ಎಷ್ಟೋ ಕಾಲ ತಡೆದುಕೊಂಡಿದ್ದ ಹಳೇ ಅಭ್ಯಾಸ ಅವರನ್ನು ಬಗ್ಗಿಸುತ್ತಿತ್ತು.

"ಅಬ್ಬಾ! ಮುಖ!" ಅಂತ ಕಿರುಚಿದೆ. ಟೀ ಲೋಟ ಕೆಳಗೆ ಬಿತ್ತು.

ಬೆಲ್ಟಿಗೆ ಏನೂ ಆಗಲಿಲ್ಲ. ಲೋಡು ಗಟ್ಟಿಯಾಗಿಯೇ ಕೂತಿತ್ತು. ಅಬ್ಬಾ ರಸ್ತೆ ದಾಟಿ ಬಂದರು, ಚಪ್ಪಲಿಯ ಸದ್ದು ಬೇಗ ಬೇಗ. ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. ಅಂಗೈ ಬೆವೆತಿತ್ತು.

"ಅಲ್ಲಿಂದ ಕಾಣ್ಸ್ತೇನೋ ನಿಂಗೆ? ನಾನು ಬಗ್ಗಿದ್ದು ಕಾಣ್ಸ್ತಾ?"

ಕಾಣಿಸಲಿಲ್ಲ, ಕೇಳಿಸಿತು ಅನ್ನಬಹುದಿತ್ತು. ಅವರ ದನಿಯಲ್ಲಿದ್ದ ಆಸೆ ನನ್ನ ಬಾಯಿ ಕಟ್ಟಿತು. "ಕಾಣ್ಸ್ತು ಅಬ್ಬಾ" ಅಂದೆ. ಇನ್ನೂ ನಂಬಿಕೆ ಬರಲಿ ಅಂತ, "ನಿಮ್ಮ ಬಿಳೀ ಟೋಪಿ ಬಗ್ಗಿದ್ದು ಚೆನ್ನಾಗಿ ಕಾಣ್ಸ್ತು" ಅಂತಲೂ ಸೇರಿಸಿದೆ.

ಅಬ್ಬಾನ ಒಂದು ಕೈ ನನ್ನ ಕೆನ್ನೆ ಬಿಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂತು. "ನಾನು ಹೇಳಿರ್ಲಿಲ್ವಾ, ದಿನಾ ಒಂಚೂರು ಬರ್ತದೆ ಅಂತ" ಅಂದರು. ಆವತ್ತಿನಿಂದ ಅವರು ಬೆರಳು ಎತ್ತಿ ಎಷ್ಟು ಅಂತ ಕೇಳುವುದನ್ನು ನಿಲ್ಲಿಸಿದ್ದಾರೆ. ನಂಬಿದರು, ಸದ್ಯ ಅಂತ ನಾನು ನೆಮ್ಮದಿಯಾಗಿದ್ದೆ.

ಇಲ್ಲಿಯವರೆಗೆ ಬರೆದು ನಸೀಮಾ ಪೆನ್ನು ಕೆಳಗಿಟ್ಟಳು. ಬೇಡದ್ದು ಏನು ಹೇಳಿದೆ ಅಂತ ಕೇಳಿದೆ. "ಆವತ್ತು ಅವ್ರು ಟೋಪಿ ಹಾಕ್ಕೊಂಡಿರ್ಲಿಲ್ಲ ಕಣ್ರೀ. ನಾನು ಒಗೆದು ತಂತಿ ಮೇಲೆ ಹಾಕಿದ್ದೆ" ಅಂದಳು.